ಕಲ್ಯಾಣಪ್ಪನ ದಾರಿಯಲ್ಲಿ ಕಾದಂಬರಿ ಓದುವುದು

ಐತಿಹಾಸಿಕ ಕಾದಂಬರಿಗೆ ಹೊಸಬರಾದವರು ಮೊದಲು ಕೇಳುವುದು, ‘ಇದರಲ್ಲಿ ನಿಜ ಎಷ್ಟು?’ ಕೇಳಲಿ, ತಪ್ಪೇನಿಲ್ಲ. ಅಲ್ಲೇ ನಿಂತುಬಿಟ್ಟರೆ ಮಾತ್ರ ರಸ ಕೈಗೆ ಹತ್ತುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನವರು ಈ ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಎರಡು ಪುಸ್ತಕ ಸಾಕು: ಮೊದಲು ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ಬೆನ್ನಿಗೇ ನಿರಂಜನರ ‘ಕಲ್ಯಾಣಸ್ವಾಮಿ’.

ಕಂಪೆನಿ ಸರಕಾರ 1834ರಲ್ಲಿ ಕೊಡಗಿನ ಅರಸನನ್ನು ಪಟ್ಟದಿಂದ ಇಳಿಸಿತು. ಮಾಸ್ತಿಯವರ ಕಥೆ ಆ ಪತನದ್ದು. ಆಮೇಲೆ ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಯ ಪಾಲಾದವು. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ರೈತರು ರೊಚ್ಚಿಗೆದ್ದರು. 1837ರ ಏಪ್ರಿಲಿನಲ್ಲಿ ಅವರ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರನ್ನು ಹಿಡಿದು 13 ದಿನ ಕೈಯಲ್ಲಿಟ್ಟುಕೊಂಡಿತು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ‘ಕಲ್ಯಾಣಪ್ಪನ ಕಾಟಕಾಯಿ’. ನಿರಂಜನರ ಕಥೆ ಈ ಬಂಡಾಯದ್ದು.

ಈಗ ಗಮನಿಸಿ. ಕಲ್ಯಾಣಪ್ಪನೆನಿಸಿಕೊಂಡು ದಂಡಿನ ಮುಂದೆ ನಿಂತ ಪುಟ್ಟಬಸಪ್ಪ, ಕಲ್ಯಾಣಸ್ವಾಮಿ ಅಲ್ಲವೇ ಅಲ್ಲ. ಕೊಡಗಿನ ರಾಜಮನೆತನದ ನಂಟು ಹೇಳಿಕೊಂಡಿದ್ದ ಬೇರೊಬ್ಬನ ಹೆಸರನ್ನು ಈತ ಹೊತ್ತುಕೊಂಡಿದ್ದ. ಅಂದರೆ ಕಾದಂಬರಿಕಾರ ಲೇಖನಿ ಹಿಡಿಯುವ ಮೊದಲೇ ಇತಿಹಾಸದೊಳಗೆ ಒಂದು ಕಟ್ಟುಕಥೆ ಸೇರಿಕೊಂಡಿತ್ತು, ಆ ಕಥೆಯನ್ನು ನಂಬಿ ಜನ ನಡೆದರು. ಸರಕಾರಿ ಕಡತಕ್ಕೆ ಅವನು ಗಲ್ಲಿಗೇರಿದ ವೇಷಧಾರಿ. ಎರವಲು ಹೆಸರಿನಲ್ಲಿ ಕೈಮುಗಿಸಿಕೊಳ್ಳುವವನ ಎದೆಯಲ್ಲಿ ಏನಿತ್ತು? ಕಡತ ಹೇಳುವುದಿಲ್ಲ. ಬಂಡಾಯದ ಕಾದಂಬರಿ ಓದುವಾಗ ಬೆರಳಿಟ್ಟು ನಿಲ್ಲಬೇಕಾದ್ದು ಇಂಥ ಕಡೆ.

ಇನ್ನೊಂದು ಕಡೆ ನಂದಾವರ. ಪಾಣೆಮಂಗಳೂರಿನ ಹತ್ತಿರ, ನೇತ್ರಾವತಿಯ ದಂಡೆ. ಅಲ್ಲಿನ ಬಂಗರಸ ಲಕ್ಷ್ಮಪ್ಪ ಈ ದಂಡಿಗೆ ಸೇರಿದ, ಅದಕ್ಕೆ ಪ್ರಾಣ ತೆತ್ತ. ಸೇರಿದನೆಂಬುದು ಚರಿತ್ರೆ. ಸೇರುವ ಹಿಂದಿನ ರಾತ್ರಿ ಮನೆಯಲ್ಲಿ ಬೇಡವೆಂದವರು ಯಾರು, ಅವರಿಗೆ ಅವನು ಕೊಟ್ಟ ಉತ್ತರವೇನು ಎಂಬುದು ಕಲ್ಪನೆಯ ಪಾಲು. ಇತಿಹಾಸವನ್ನು ತಿದ್ದದೆ ಬರೆಯಬಹುದಾದ ಜಾಗ ಇಷ್ಟು ವಿಶಾಲವಾಗಿರುತ್ತದೆ. ಮಾಸ್ತಿಯವರಲ್ಲೂ ಹಾಗೆಯೇ: ಮಂತ್ರಿ ಕುಂಟ ಬಸವಯ್ಯ ಇತಿಹಾಸದ ವ್ಯಕ್ತಿ, ಅವನ ಹುಟ್ಟಿನ ಗುಟ್ಟು ಕಾದಂಬರಿಯದು.

ಸಣ್ಣ ಸಂಗತಿಗಳನ್ನೂ ತಡವಿ ನೋಡಿ. ಪಾಣೆಮಂಗಳೂರಿನ ಹಳೆಯ ಸೇತುವೆ 20ನೇ ಶತಮಾನದ್ದು. 1837ರ ದಂಡನ್ನು ಯಾರಾದರೂ ಸೇತುವೆ ಮೇಲೆ ದಾಟಿಸಿದರೆ ಅನುಮಾನಪಡಿ. ಆ ದಂಡಿನಲ್ಲಿ ಅರೆಭಾಷೆ, ತುಳು ಆಡುವವರಿದ್ದರು, ಬಂಟ್ವಾಳದ ಪೇಟೆಯಲ್ಲಿ ಕೊಂಕಣಿ. ಇವರೆಲ್ಲರ ಮಾತನ್ನೂ ಲೇಖಕ ಒಂದೇ ಕನ್ನಡದಲ್ಲಿ ಹೇಗೆ ಬೇರೆ ಬೇರೆಯಾಗಿ ಕೇಳಿಸುತ್ತಾನೆ? ತಾರೀಕು ಸರಿಯಿರುವುದಕ್ಕಿಂತ ಇದು ಕಷ್ಟದ ಕೆಲಸ ಎಂದು ನನ್ನ ಎಣಿಕೆ.

ತುಳುನಾಡಿನಲ್ಲಿ ಕಡತದ ಜೊತೆಗೆ ತುಳು ಹಾಡುಗಥೆಯಾದ ಪಾಡ್ದನವೂ ಸಾಕ್ಷಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕೋಟಿ ಚೆನ್ನಯ’ವನ್ನು ಕನ್ನಡ ಗದ್ಯಕ್ಕೆ ತಂದದ್ದು ಅಲ್ಲಿಂದಲೇ. ಆ ಅವಳಿ ವೀರರಿಗೆ ಗರೋಡಿಯಲ್ಲಿ ಕೈಮುಗಿಯುವವರ ಮುಂದೆ ‘ನಿಜ ಎಷ್ಟು’ ಎಂಬ ಪ್ರಶ್ನೆ ಎತ್ತಿ ನೋಡಿ!

ಮೂಡುಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ನವನಾರಿ ಕುಂಜರವಿದೆ: ದೂರದಿಂದ ಆನೆ, ಹತ್ತಿರ ಹೋದರೆ ಒಂಬತ್ತು ಹೆಂಗಸರು. ಆ ಮನೆತನದ, ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯೂ ಹಾಗೆ. ಪೋರ್ಚುಗೀಸರು ಉಳ್ಳಾಲಕ್ಕೆ ನುಗ್ಗಿದ್ದು 1555ರಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡದ್ದು 1623ರಲ್ಲಿ. ಒಬ್ಬಳೇ ಇರಲಾರಳು, ಜನಮನ ಒಂದಕ್ಕಿಂತ ಹೆಚ್ಚು ಅಬ್ಬಕ್ಕರನ್ನು ಒಬ್ಬಳಾಗಿ ಬೆಸೆದಿದೆ. ಗೊಂದಲಕ್ಕೆ ಇನ್ನೊಂದು ಸೇರಿಸಿ: ಐತಿಹ್ಯದಲ್ಲಿ ಅಬ್ಬಕ್ಕನ ಗಂಡನೂ ಲಕ್ಷ್ಮಪ್ಪ ಬಂಗರಸನೇ. ಬೆಳ್ತಂಗಡಿಯ ಬಂಗಾಡಿಯಿಂದ ಹಬ್ಬಿದ ಬಂಗರಲ್ಲಿ ಹೆಸರುಗಳು ಮರಳಿ ಬರುತ್ತವೆ, ನಂದಾವರದವನನ್ನು ಇವನೆಂದು ತಿಳಿದು ಮೋಸಹೋಗಬೇಡಿ.

ಒಬ್ಬಳನ್ನೇ ಮಾಡಿ ಬರೆಯುವ ಹಕ್ಕು ಲೇಖಕರಿಗಿದೆ. ಆದರೆ ಆ ಪ್ರವಾಸಿ ಕಂಡವಳು ಬರಿಗಾಲಿನಲ್ಲಿ, ಸಾದಾ ಬಟ್ಟೆಯುಟ್ಟು, ಗದ್ದೆಗೆ ನೀರು ಹಾಯಿಸುವ ಕಾಲುವೆ ಕೆಲಸ ನೋಡಲು ಹೊರಟಿದ್ದಳು. ಕುದುರೆಯೇರಿ ಕತ್ತಿ ಬೀಸುವ ಅಬ್ಬಕ್ಕನನ್ನು ಯಾರು ಬೇಕಾದರೂ ಬರೆದಾರು. ಈ ಅಬ್ಬಕ್ಕನನ್ನು ನೂರು ಪುಟ ನಡೆಸಬಲ್ಲವರ ಪುಸ್ತಕ ಸಿಕ್ಕಿದರೆ ನಾನು ಅದನ್ನೇ ಮೊದಲು ಕೊಳ್ಳುತ್ತೇನೆ.