ಕರಡಿಯ ಬೇಟೆ: ಲೆಕ್ಕದ ಪ್ರಶ್ನೆ, ನೀತಿಯ ಪ್ರಶ್ನೆ

ಕರಡಿಯನ್ನು ಬೇಟೆಯಾಡುವುದು ಸರಿಯೇ ಎಂಬ ವಿವಾದ ಉತ್ತರ ಅಮೆರಿಕದ ಹಲವು ಪ್ರಾಂತಗಳಲ್ಲಿ ದಶಕಗಳಿಂದ ನಡೆದುಬಂದಿದೆ. ಎರಡೂ ಪಕ್ಷಗಳ ಮಾತನ್ನು ಗಮನಿಸಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದೇ ಎಂಬಂತೆ ಬೆರೆತುಹೋಗಿವೆ. ವರ್ಷಕ್ಕೆ ಇಂತಿಷ್ಟು ಕರಡಿಗಳನ್ನು ಕೊಂದರೂ ಅವುಗಳ ಸಂತತಿ ಉಳಿಯುವುದೇ ಎಂಬುದು ಒಂದು ಪ್ರಶ್ನೆ. ಉಳಿಯುವುದಾದರೆ ಕೊಲ್ಲಬಹುದೇ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕಕ್ಕೆ ಸೇರಿದ್ದು, ಎರಡನೆಯದು ನೀತಿಗೆ ಸೇರಿದ್ದು. ಲೆಕ್ಕದ ಉತ್ತರವನ್ನು ನೀತಿಯ ಪ್ರಶ್ನೆಗೆ ಒಪ್ಪಿಸಿ ವ್ಯವಹಾರ ಮುಗಿಯಿತೆನ್ನುವುದೇ ಈ ವಿವಾದದ ಮುಖ್ಯ ದೋಷ.

ಕೆನಡಾ ದೇಶದ ಪಶ್ಚಿಮ ತೀರದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಉದಾಹರಣೆ ಇದಕ್ಕೆ ತಕ್ಕುದಾಗಿದೆ. ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಗಳು ಅಲ್ಲಿ ಸುಮಾರು 15,000 ಇವೆಯೆಂಬುದು ಸರ್ಕಾರದ ಅಂದಾಜು. ಪರವಾನಗಿ ಪಡೆದ ಬೇಟೆಗಾರರು ವರ್ಷಕ್ಕೆ ಸುಮಾರು 250 ಕರಡಿಗಳನ್ನು ಕೊಲ್ಲುತ್ತಿದ್ದರು. 2001ರಲ್ಲಿ ಪಂಜಾಬ ಮೂಲದ ಉಜ್ಜಲ್ ದೊಸಾಂಜ್ ಅವರ ಸರ್ಕಾರ ಈ ಬೇಟೆಯನ್ನು ಮೂರು ವರ್ಷ ತಡೆಹಿಡಿಯಿತು. ಅದೇ ವರ್ಷ ಚುನಾವಣೆಯಲ್ಲಿ ಗೆದ್ದು ಬಂದ ಸರ್ಕಾರ ಕೆಲವೇ ತಿಂಗಳುಗಳಲ್ಲಿ ಆ ತಡೆಯನ್ನು ರದ್ದುಮಾಡಿತು. ಕೊನೆಗೆ 2017ರ ಡಿಸೆಂಬರ್ 18ರಂದು ಗ್ರಿಜ್ಲಿ ಬೇಟೆ ಪ್ರಾಂತದಾದ್ಯಂತ ನಿಷಿದ್ಧವಾಯಿತು. ಆಹಾರಕ್ಕಾಗಿ ಹಾಗೂ ಸಾಮಾಜಿಕ, ಧಾರ್ಮಿಕ ಆಚರಣೆಗಳಿಗಾಗಿ ಬೇಟೆಯಾಡುವ ಮೂಲನಿವಾಸಿ ಜನಾಂಗಗಳ ಹಕ್ಕನ್ನು ಮಾತ್ರ ಉಳಿಸಲಾಯಿತು.

ಬೇಟೆಯ ಪರವಾದವರ ವಾದವನ್ನು ನ್ಯಾಯವಾಗಿ ಮುಂದಿಡುವುದು ವಿಮರ್ಶೆಯ ಮೊದಲ ಕರ್ತವ್ಯ. ಹದಿನೈದು ಸಾವಿರದಲ್ಲಿ ಇನ್ನೂರೈವತ್ತು ಎಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ; ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಬಳಸಿದಂತೆ ಎಂಬುದು ಅವರ ಆಶಯ. ಬೇಟೆಯಿಂದ ಬರುವ ಹಣ ಕಾಡಿಗೇ ಮರಳುತ್ತದೆ ಎಂದೂ ಅವರು ಹೇಳುತ್ತಾರೆ. ಇದು ಸುಳ್ಳಲ್ಲ. ನೆರೆಯ ಅಮೆರಿಕದಲ್ಲಿ 1937ರ ಕಾಯಿದೆಯ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ಇಂದಿಗೂ ವನ್ಯಜೀವಿಗಳ ರಕ್ಷಣೆಗೆ ವಿನಿಯೋಗವಾಗುತ್ತಿದೆ.

ಆದರೆ ಈ ಲೆಕ್ಕವು ಲೆಕ್ಕವಾಗಿಯೂ ಅಷ್ಟು ಗಟ್ಟಿಯಾದುದಲ್ಲ. ಹೆಣ್ಣು ಗ್ರಿಜ್ಲಿ ಮೊದಲ ಸಲ ಮರಿ ಹಾಕುವುದು ಐದಾರು ವರ್ಷ ತುಂಬಿದ ಮೇಲೆ. ಹುಟ್ಟುವ ಮರಿಗಳು ಸಾಮಾನ್ಯವಾಗಿ ಎರಡು. ಅವು ಎರಡು ಮೂರು ವರ್ಷ ತಾಯಿಯ ಬೆನ್ನು ಬಿಡುವುದಿಲ್ಲ. ಅಲ್ಲಿಯವರೆಗೆ ತಾಯಿ ಮತ್ತೆ ಗರ್ಭ ಧರಿಸುವುದಿಲ್ಲ. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಯಲ್ಲಿ ಒಂದು ಹೆಣ್ಣು ಹೆಚ್ಚಾಗಿ ಸತ್ತರೂ ಆ ನಷ್ಟವನ್ನು ತುಂಬಲು ಹಲವು ವರ್ಷ ಬೇಕು. ಮೇಲಾಗಿ ಮೂಲಧನವೇ ಎಣಿಸಿ ಕಂಡದ್ದಲ್ಲ, ಅಂದಾಜಿನದು. ಬ್ರಿಟಿಷ್ ಕೊಲಂಬಿಯಾದ ಒಂದು ದಶಕದ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೇಟೆಗೆ ತೆರೆದಿದ್ದ ಕರಡಿ ಸಮೂಹಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸರ್ಕಾರವೇ ಗೊತ್ತುಪಡಿಸಿದ ಮಿತಿ ಮೀರಿತ್ತೆಂದು ತೋರಿಸಿತು. ಅಮೆರಿಕದ ಫ್ಲಾರಿಡಾದಲ್ಲಿ 2015ರ ಅಕ್ಟೋಬರ್‌ನಲ್ಲಿ ಏಳು ದಿನಗಳಿಗೆಂದು ಕಪ್ಪು ಕರಡಿಯ ಬೇಟೆ ಆರಂಭವಾಯಿತು. ಒಟ್ಟು ಮಿತಿ 320. ಎರಡೇ ದಿನಗಳಲ್ಲಿ 304 ಕರಡಿಗಳು ಸತ್ತು ಬೇಟೆಯನ್ನು ನಿಲ್ಲಿಸಬೇಕಾಯಿತು. ನಲವತ್ತರ ಮಿತಿಯಿದ್ದ ಒಂದು ವಲಯದಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಪ್ರಾಣಹರಣವಾಯಿತು. ಕಾಗದದ ಮೇಲಿನ ಮಿತಿ ಕಾಡಿನಲ್ಲಿ ಬಂದೂಕನ್ನು ತಡೆಯಲಾರದು.

ಬೇಟೆಯ ವಿರೋಧಿಗಳೂ ಇದೇ ತಕ್ಕಡಿಯನ್ನು ಹಿಡಿದದ್ದು ಗಮನಾರ್ಹ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಮಹಾರಣ್ಯದಲ್ಲಿ 2012ರಲ್ಲಿ ಕರಡಿಯನ್ನು ನೋಡಲು ಬಂದವರು ವೆಚ್ಚಮಾಡಿದ ಹಣ, ಬೇಟೆಗೆ ಬಂದವರು ವೆಚ್ಚಮಾಡಿದ್ದರ ಹನ್ನೆರಡು ಪಟ್ಟು ಎಂದು 2014ರ ಅಧ್ಯಯನವೊಂದು ತಿಳಿಸಿತು. ಈ ಅಂಕಿ ಅಭಯದ ಪರವಾಗಿ ಬಹುವಾಗಿ ಬಳಕೆಯಾಯಿತು. ಬೇಟೆಗೆ ಪರ್ಯಾಯವಾದ ಜೀವನೋಪಾಯವಿದೆಯೆಂದು ತೋರಿಸಿದ್ದು ಉಪಯುಕ್ತವೇ. ಆದರೆ ನಾಳೆ ಪ್ರವಾಸಿಗರು ಕಡಿಮೆಯಾಗಿ ಬೇಟೆಯ ಆದಾಯ ಹೆಚ್ಚಾದರೆ ಕರಡಿಯ ಪ್ರಾಣಕ್ಕಿರುವ ಬೆಲೆ ಇಳಿಯಬೇಕೇ? ಆದಾಯವನ್ನೇ ಆಧಾರವಾಗಿಟ್ಟ ದಯೆ ಆದಾಯದೊಡನೆ ಏರಿಳಿಯುತ್ತದೆ. ಜೀವಿಯು ಬದುಕಲು ಬಯಸುತ್ತದೆ, ನೋವಿಗೆ ಅಂಜುತ್ತದೆ ಎಂಬ ಸತ್ಯ ಮಾತ್ರ ಯಾವ ಪೇಟೆಯ ಧಾರಣೆಗೂ ಒಳಪಟ್ಟಿಲ್ಲ.

ನೀತಿಯ ಪ್ರಶ್ನೆ ತನ್ನ ನಿಜಸ್ವರೂಪದಲ್ಲಿ ಕಾಣಿಸಿಕೊಂಡದ್ದು 2017ರಲ್ಲಿ. ಆಗಸ್ಟ್‌ನಲ್ಲಿ ಸರ್ಕಾರ ಮೊದಲು ಪ್ರಕಟಿಸಿದ್ದು ಪೂರ್ಣ ನಿಷೇಧವನ್ನಲ್ಲ. ಮಾಂಸಕ್ಕಾಗಿ ಬೇಟೆಯಾಡಬಹುದು, ಆದರೆ ತಲೆ, ಚರ್ಮ, ಪಂಜಗಳನ್ನು ಮನೆಗೆ ಒಯ್ಯುವಂತಿಲ್ಲ ಎಂಬುದು ಆಗಿನ ಆಲೋಚನೆ. ಗೋಡೆಗೆ ತೂಗುಹಾಕುವ ಗೆಲುವಿನ ಗುರುತನ್ನು ತೆಗೆದರೆ ಈ ಬೇಟೆಯಲ್ಲಿ ಉಳಿಯುವುದೇನು ಎಂಬ ವಿಚಾರ ಆಗ ಎಲ್ಲರ ಮುಂದೆ ಬಂತು. ಅಭಿಪ್ರಾಯ ತಿಳಿಸಿದ ಜನರಲ್ಲಿ ನೂರಕ್ಕೆ 78 ಮಂದಿ ಬೇಟೆ ಸಂಪೂರ್ಣವಾಗಿ ನಿಲ್ಲಲಿ ಎಂದರು. ಸರ್ಕಾರ ಹಾಗೆಯೇ ಮಾಡಿತು.

ಶ್ರಾವಕಾಚಾರದಲ್ಲಿ ಸಪ್ತವ್ಯಸನಗಳನ್ನು ಎಣಿಸುವಾಗ ಮಾಂಸಭಕ್ಷಣವನ್ನೂ ಬೇಟೆಯನ್ನೂ ಬೇರೆ ಬೇರೆಯಾಗಿ ಹೇಳಿರುವುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಬೇಟೆಯಲ್ಲಿ ಹಸಿವೆಗಿಂತ ಬೇರೆಯಾದ ಒಂದು ರುಚಿಯಿದೆ. ಅದು ಕೊಲ್ಲುವುದರಲ್ಲಿರುವ ರುಚಿ. ಅದು ಒಮ್ಮೆ ಹತ್ತಿದರೆ ಬಿಡದು, ಆದುದರಿಂದಲೇ ವ್ಯಸನ. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ದೋಷ ಯಶೋಧರನನ್ನು ಭವಭವಗಳಲ್ಲಿ ಬೆನ್ನಟ್ಟಿತು. ಸಂಖ್ಯೆ ತಗ್ಗಲಿಲ್ಲವೆಂಬ ಸಮಾಧಾನ ಸಂಕಲ್ಪೀ ಹಿಂಸೆಗೆ ಪರಿಹಾರವಲ್ಲ. ಹಿಟ್ಟಿನ ಕೋಳಿಯಿಂದ ಕೋಳಿಗಳ ಸಂಖ್ಯೆಯೂ ತಗ್ಗಿರಲಿಲ್ಲ.

ಮೂಲನಿವಾಸಿಗಳ ವಿಷಯದಲ್ಲಿ ದುಡುಕಿನ ತೀರ್ಪು ಸಲ್ಲದು. ಆಹಾರಕ್ಕಾಗಿ ಕೊಂದರೂ ಅದು ಹಿಂಸೆಯೇ. ಜೈನ ದೃಷ್ಟಿ ಅದನ್ನು ಅನುಮೋದಿಸದು. ಆದರೆ ಭಾವದ ತೀವ್ರತೆ, ಮಂದತೆಗಳನ್ನು ಅನುಸರಿಸಿ ದೋಷದಲ್ಲಿ ತಾರತಮ್ಯವಿದೆಯೆಂಬುದನ್ನೂ ಅದೇ ದೃಷ್ಟಿ ಕಲಿಸುತ್ತದೆ. ಕರಾವಳಿಯ ಮೂಲನಿವಾಸಿ ಜನಾಂಗಗಳ ಒಕ್ಕೂಟ ತನ್ನ ಪೂರ್ವಿಕರ ನೆಲದಲ್ಲಿ ಮೋಜಿನ ಬೇಟೆ ನಿಷಿದ್ಧವೆಂದು 2012ರಲ್ಲೇ ಸಾರಿತ್ತು. ಓದು, ಅಧಿಕಾರಗಳಿದ್ದ ಸರ್ಕಾರಕ್ಕೆ ಆ ವಿವೇಕ ಮೂಡಲು ಮತ್ತೆ ಐದು ವರ್ಷ ಬೇಕಾಯಿತು.

ಹಾಗಾದರೆ ನಿಷೇಧದಿಂದ ಕರಡಿಗೆ ಅಭಯ ದೊರೆಯಿತೇ? 2017ರ ಅಕ್ಟೋಬರ್‌ನಲ್ಲಿ ಆ ಪ್ರಾಂತದ ಮಹಾಲೇಖಪಾಲರು ಸಲ್ಲಿಸಿದ ವರದಿ ಬೇರೆಯದೇ ಮಾತು ಹೇಳಿತು. ಗ್ರಿಜ್ಲಿಗೆ ಒದಗಿರುವ ಅತಿದೊಡ್ಡ ಅಪಾಯ ಬೇಟೆಯಲ್ಲ, ಅದರ ನೆಲೆಯ ನಾಶ ಎಂದು ಅದು ಗುರುತಿಸಿತು. ಮರ, ತೈಲ, ಅನಿಲಗಳ ಉದ್ಯಮಗಳು ಮತ್ತು ಅವುಗಳಿಗಾಗಿ ಕಾಡನ್ನು ಸೀಳಿದ ರಸ್ತೆಗಳು ಬಂದೂಕಿಗಿಂತ ಹೆಚ್ಚು ಕೇಡು ಮಾಡಿದ್ದವು. ಇದೇ ಪ್ರಾಂತದಲ್ಲಿ ಕಪ್ಪು ಕರಡಿಯ ಬೇಟೆ ಕಾನೂನುಬದ್ಧವಾಗಿಯೇ ಮುಂದುವರಿದಿದೆ. ಮನುಷ್ಯರು ಮುಚ್ಚಿಡದ ಕಸದ ವಾಸನೆಗೆ ಊರಿಗೆ ಬಂದ ತಪ್ಪಿಗೆ ಅಧಿಕಾರಿಗಳ ಗುಂಡಿಗೆ ಬೀಳುವ ಕಪ್ಪು ಕರಡಿಗಳು ವರ್ಷಕ್ಕೆ ನೂರಾರು. ಗಾಂಭೀರ್ಯದಿಂದ ಕಣ್ಸೆಳೆವ ಪ್ರಾಣಿಗೆ ದಯೆ, ಸಾಮಾನ್ಯ ಪ್ರಾಣಿಗೆ ಗುಂಡು ಎಂಬುದು ಸೌಂದರ್ಯಪ್ರಜ್ಞೆಯಾದೀತು, ಅಹಿಂಸೆಯಾಗದು.

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ ಪರಂಪರೆಗೆ ಇದು ಹೊಸತಲ್ಲ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದವುಗಳನ್ನು ಯತ್ನಾಚಾರದಿಂದ ಕಡಿಮೆಮಾಡುತ್ತಾ ಬರಬೇಕು. ಬ್ರಿಟಿಷ್ ಕೊಲಂಬಿಯಾ ಗ್ರಿಜ್ಲಿಯ ವಿಷಯದಲ್ಲಿ ಮೊದಲ ಹೆಜ್ಜೆಯನ್ನಿಟ್ಟಿತು. ಉದ್ಯೋಗೀ ಹಿಂಸೆಯ ಮುಂದೆ ಅದು ತಡವರಿಸಿತು.

ಈ ತಡವರಿಕೆ ದೂರದೇಶದ್ದೆಂದು ಕನ್ನಡನಾಡಿನ ಸಮಾಜ ನೆಮ್ಮದಿಯಿಂದಿರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಭಾರತದಲ್ಲಿ ಕರಡಿಯ ಬೇಟೆಯನ್ನು ನಿಷೇಧಿಸಿದೆ. 1994ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ ಕರಡಿಗಳಿಗಾಗಿಯೇ ಅಭಯಾರಣ್ಯ ರೂಪುಗೊಂಡಿತು. ಗೆದ್ದಲು, ಜೇನು, ಕಾಡುಹಣ್ಣುಗಳಿಂದ ಬದುಕುವ ಆ ಸೀಮೆಯ ಕರಡಿಗೆ ಬಂಡೆಗುಡ್ಡಗಳ ಸಂದುಗಳೇ ಮನೆ, ಅಲ್ಲಿಯೇ ಅದರ ಮರಿಗಳ ತೊಟ್ಟಿಲು. ಅಂಥ ಗುಡ್ಡಗಳೇ ಗ್ರಾನೈಟ್‌ಗಾಗಿ ಸಿಡಿದು ಹೋಳಾಗುತ್ತವೆ. ಕಲ್ಲು ಒಡೆಯುವವನು ಕರಡಿಯನ್ನು ಕೊಲ್ಲಬೇಕೆಂದು ಸಂಕಲ್ಪಿಸಿಲ್ಲ. ಕಲ್ಲು ಕೊಳ್ಳುವವನು ಕರಡಿಯನ್ನು ಕಂಡೇ ಇಲ್ಲ. ಆದರೂ ಮನೆ ಕಳೆದುಕೊಂಡ ಜೀವಿಯ ಪಾಲಿಗೆ ಫಲ ಒಂದೇ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಕೊಳ್ಳುವವನ ಹೆಸರು ಖಾತೆಯಿಂದ ಬಿಟ್ಟುಹೋಗುವುದಿಲ್ಲ.

ಆದುದರಿಂದ ಮನೆ ಕಟ್ಟಿಸುವ ಶ್ರಾವಕರೂ ಬಸದಿಗಳ ಜೀರ್ಣೋದ್ಧಾರ ಕೈಗೊಳ್ಳುವ ಟ್ರಸ್ಟ್‌ಗಳೂ ನೆಲಹಾಸಿನ ಕಲ್ಲಿಗೆ ಬೆಲೆ ಕೇಳುವಾಗ ಅದು ಯಾವ ಗುಡ್ಡದ್ದೆಂದೂ ಕೇಳುವುದು ಯುಕ್ತ. ಹಳೆಯ ಚಪ್ಪಡಿ ಇನ್ನೂ ಬಾಳುವಂತಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಇದಕ್ಕೆ ಯಾವ ಸರ್ಕಾರದ ಆಜ್ಞೆಯೂ ಬೇಕಿಲ್ಲ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ನಿರ್ಣಯ ಸಾಕು.