ಮಕ್ಕಳ ಆಹಾರ: ಮೂರು ಮೂಲಗಳ ಪರಾಮರ್ಶೆ

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಂತಹ ಊರಿನಲ್ಲಿ ಬೆಳೆಯುವ ಮಗುವಿಗೆ ಇಂದು ಮನೆಯ ಒಲೆ, ಅಂಗನವಾಡಿ-ಶಾಲೆಗಳ ಅಡುಗೆಮನೆ, ಬೀದಿಯ ಅಂಗಡಿ ಎಂಬ ಮೂರು ಮೂಲಗಳಿಂದ ಆಹಾರವು ಒದಗುತ್ತಿರುವಲ್ಲಿ, ಮನೆಯದು ಸರ್ವೋತ್ತಮವೆಂಬ ವಾಡಿಕೆಯ ನಂಬಿಕೆಯನ್ನು ಪರೀಕ್ಷಿಸದೆ ಅಂಗೀಕರಿಸುವುದು ಉಚಿತವಲ್ಲ. ಅಂಗಡಿಯ ಕುರುಕಲು ಪೊಟ್ಟಣದ ವಿಷಯದಲ್ಲಿ ದೀರ್ಘ ವಿಚಾರಣೆ ಬೇಡ. ಪಿಷ್ಟ, ಎಣ್ಣೆ, ಉಪ್ಪುಗಳಿಂದಾದ ಅದು ಹಸಿವನ್ನು ಕೊಲ್ಲುತ್ತದೆ, ದೇಹವನ್ನು ಕಟ್ಟುವುದಿಲ್ಲ.

ಮನೆಯ ಒಲೆಯ ಮಾತಿಗೆ ಬಂದರೆ, ರಾಗಿಯ ಮಹಿಮೆಯಾದರೋ ನಿರ್ವಿವಾದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಕೂಸಿಗೆ ಸರಿ ಕಾಯಿಸುವ ತಾಯಂದಿರ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಏಕೆಂದರೆ ಮೊಳೆತ ಕಾಳಿನ ಪಿಷ್ಟವು ಒಡೆಯುವುದರಿಂದ ಸರಿಯು ಗಟ್ಟಿಯಾಗದೆ, ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ, ಕಬ್ಬಿಣ-ಸುಣ್ಣಗಳನ್ನು ಹಿಡಿದಿಡುವ ಫೈಟೇಟೂ ಕಡಮೆಯಾಗುತ್ತದೆ. ಆದರೆ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲುವ ಹೊಟ್ಟಿನೊಡನೆ ಸುಣ್ಣವೂ ಹೋಗುತ್ತದೆ. ನೀರುಸಾರಿನೊಡನೆ ಉಣ್ಣಿಸಿದ ಮುದ್ದೆಗೆ, ಅವರೆ-ಹುರುಳಿಗಳು ತುಂಬಿಕೊಡಬಲ್ಲ ಲೈಸೀನಿನ ಕೊರತೆ ಉಳಿದೇ ಇರುತ್ತದೆ.

ಶಾಲೆಯ ಊಟಕ್ಕೆ ಅಳತೆಯುಂಟು: ಪ್ರಾಥಮಿಕ ತರಗತಿಯ ಮಗುವಿಗೆ 450 ಕಿಲೊಕ್ಯಾಲರಿ, 12 ಗ್ರಾಂ ಸಸಾರಜನಕ. ಬಡವರ ಮನೆಯ ತಟ್ಟೆಗೆ ಈ ಖಾತರಿಯನ್ನು ಕೊಡುವವರಾರು? 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಮೂಲಕ 18 ಗ್ರಾಂ ಪುಡಿಯಿಂದ ಕಲಸಿದ 150 ಮಿಲಿಲೀಟರ್ ಹಾಲು ಮಕ್ಕಳಿಗೆ ದೊರೆಯಿತು. 2024ರಲ್ಲಿ ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನ ನೆರವಿನಿಂದ ವಾರದಲ್ಲಿ ಮೂರು ದಿನ ಅದರಲ್ಲಿ ರಾಗಿಯ ಮಿಶ್ರಣವೂ ಸೇರಿತು. ಕರೆದ ಹಾಲನ್ನು ಬೆಳಗಾಗುತ್ತಲೇ ಡೈರಿಗೆ ಹಾಕಿ ಅದರ ಬಟವಾಡೆಯಿಂದ ಸಂಸಾರ ನಡೆಸುವ ಈ ಸೀಮೆಯಲ್ಲಿ, ಹಟ್ಟಿಯಲ್ಲಿ ಹಸುವಿದ್ದೂ ಮಗುವಿನ ಪಾಲಿನ ಹಾಲು ಶಾಲೆಯ ಲೋಟದಲ್ಲಿಯೇ ಸಿಕ್ಕುವುದಾದರೆ, ಆ ಲೋಟವನ್ನು ದಾನವೆನ್ನದೆ ಹಕ್ಕೆಂದೇ ಎಣಿಸತಕ್ಕದ್ದು.

ಆದರೂ ಶಾಲೆಯ ವ್ಯವಸ್ಥೆಯಲ್ಲಿ ನಾನು ಒಪ್ಪಲಾರದ ಒಂದು ಅಂಶವಿದೆ. ಮೊಟ್ಟೆ ಕೊಡುವ ದಿನ ಅದನ್ನು ತಿನ್ನದ ಮಗುವಿಗೆ ಬಾಳೆಹಣ್ಣನ್ನು ಸರಿಸಮವೆಂಬಂತೆ ಕೊಡಲಾಗುತ್ತದೆ. ಮೊಟ್ಟೆಯೊಂದರಲ್ಲಿ ಆರು ಗ್ರಾಮಿನಷ್ಟು ಉತ್ತಮ ಸಸಾರಜನಕವಿದ್ದರೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಇದ್ದೀತು. ಅಂತಹ ಮಗುವಿನ ತಟ್ಟೆಗೆ ಬೇಯಿಸಿದ ಕಡಲೆಯನ್ನೋ ಹೆಸರುಕಾಳನ್ನೋ ಒಂದು ಸೌಟು ಹೆಚ್ಚಾಗಿ ಬಡಿಸುವುದು ನ್ಯಾಯ.