ಫ್ರೆಂಚ್ ಪರೀಕ್ಷಾ ಸಿದ್ಧತೆಯಲ್ಲಿ ಕನ್ನಡದ ಸ್ಥಾನ: ಒಂದು ವಿಮರ್ಶೆ

ಹನುಮಂತನಗರದಂತಹ ಬಡಾವಣೆಗಳಲ್ಲಿ ಫ್ರೆಂಚ್ ಕಲಿಯುವವರಲ್ಲಿ ಕೆಲವರು ಉನ್ನತ ವ್ಯಾಸಂಗಕ್ಕಾಗಿ ಡೆಲ್ಫ್ ಪರೀಕ್ಷೆಗೂ ಕೆಲವರು ಕೆನಡಾ ವಲಸೆಗಾಗಿ ಟೆಫ್ ಪರೀಕ್ಷೆಗೂ ಸಿದ್ಧರಾಗುತ್ತಾರೆ. ಮನೆಮಾತು ಕನ್ನಡವಾಗಿದ್ದರೂ ಪಾಠದ ವಿವರಣೆ ಇಂಗ್ಲಿಷಿನಲ್ಲಿಯೇ ನಡೆಯುವುದು ರೂಢಿ. ಈ ರೂಢಿ ಕಲಿಕೆಗೆ ಎಷ್ಟು ಪೂರಕವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ಉಚ್ಚಾರಣೆ. ಫ್ರೆಂಚಿನ ತ, ದ ಧ್ವನಿಗಳು ಕನ್ನಡದಂತೆಯೇ ದಂತ್ಯ. ಪ, ತ, ಕ ಧ್ವನಿಗಳು ಅಲ್ಪಪ್ರಾಣ. ಆದರೆ ನಾವು ಇಂಗ್ಲಿಷ್ ಪದಗಳನ್ನು ಮೂರ್ಧನ್ಯ ಟಕಾರದಿಂದ ನುಡಿಯುವ ಕಾರಣ, ಅದೇ ಲಿಪಿಯಲ್ಲಿರುವ ಫ್ರೆಂಚ್ ಪದಗಳಿಗೂ ಟಕಾರವೇ ಅಂಟಿಕೊಳ್ಳುತ್ತದೆ. ಈ ದೋಷ ಕನ್ನಡದ್ದಲ್ಲ, ಮಧ್ಯವರ್ತಿ ಭಾಷೆಯದು. ‘ನೀನು’ ಎಂಬರ್ಥದ ‘ತ್ಯು’ ಪದದ ಸ್ವರ ಮಾತ್ರ ಕನ್ನಡದಲ್ಲಿಲ್ಲ. ಇಕಾರಕ್ಕೆ ನಾಲಗೆಯನ್ನಿರಿಸಿ ಉಕಾರಕ್ಕೆಂಬಂತೆ ತುಟಿ ದುಂಡಾಗಿಸಿದರೆ ಅದು ಸಿದ್ಧಿಸುತ್ತದೆ.

ಎರಡನೆಯದು ಗೌರವಸೂಚನೆ. ‘ತ್ಯು’, ‘ವು’ಗಳ ಭೇದವನ್ನು ಇಂಗ್ಲಿಷಿನ ಒಂದೇ ಸರ್ವನಾಮದ ಮೂಲಕ ವಿವರಿಸುವುದು ಸುತ್ತುದಾರಿ, ‘ನೀನು’, ‘ನೀವು’ ಬಲ್ಲವರಿಗೆ ಆ ಭೇದ ಮೊದಲೇ ತಿಳಿದಿದೆ. ಡೆಲ್ಫ್ ಬಿ2 ಲಿಖಿತ ವಿಭಾಗದಲ್ಲಿ ಸುಮಾರು 250 ಪದಗಳ ವಾದಾತ್ಮಕ ಬರಹವನ್ನು, ಅನೇಕ ವೇಳೆ ಔಪಚಾರಿಕ ಪತ್ರವನ್ನು ಬರೆಯಬೇಕಾದ್ದರಿಂದ ಈ ತಿಳಿವಳಿಕೆ ಅಂಕಗಳಿಗೂ ಸಂಬಂಧಿಸಿದ್ದು. ಸಾಮ್ಯಕ್ಕೆ ಮಿತಿಯೂ ಉಂಟು: ತಂದೆಯನ್ನು ಕುರಿತು ‘ಅವರು ಬಂದರು’ ಎನ್ನುವ ಗೌರವ ಬಹುವಚನ ಫ್ರೆಂಚಿನಲ್ಲಿಲ್ಲ.

ಮೂರನೆಯದಾದ ವಾಕ್ಯರಚನೆಯಲ್ಲಿ ಕನ್ನಡವೇ ತೊಡಕಾಗುತ್ತದೆ. ‘ಬಂದ ಹುಡುಗ’, ‘ಓದಿದ ಪುಸ್ತಕ’, ‘ಮಾತನಾಡಿದ ವಿಷಯ’ ಎಂಬಲ್ಲಿ ಕೃದಂತದ ಪ್ರತ್ಯಯ ಒಂದೇ. ನಾಮಪದದ ಕಾರಕ ಸಂಬಂಧವನ್ನು ಓದುಗನೇ ಊಹಿಸಿಕೊಳ್ಳುತ್ತಾನೆ. ಫ್ರೆಂಚ್ ಇವಕ್ಕೆ ಕ್ರಮವಾಗಿ ‘ಕಿ’, ‘ಕ’, ‘ದೋಂ’ ಎಂಬ ಬೇರೆ ಬೇರೆ ಸಂಬಂಧಿ ಸರ್ವನಾಮಗಳನ್ನು ಕೇಳುತ್ತದೆ. ಉಪವಾಕ್ಯವೂ ನಾಮಪದದ ನಂತರ ಬರುತ್ತದೆ. ಈ ಅನುಕ್ರಮಕ್ಕೆ ಇಂಗ್ಲಿಷಿನ ಪರಿಚಯ ನೆರವಾಗುತ್ತದೆಂಬುದನ್ನು ನಾವು ನಿರಾಕರಿಸುವುದಿಲ್ಲ. ಆದರೆ ಕಲಿಯುವವರು ‘ದೋಂ’ ಬರಬೇಕಾದಲ್ಲಿ ‘ಕ’ ಬಳಸಿದಾಗ, ಅದನ್ನು ಅಜಾಗರೂಕತೆಯೆಂದು ತಿದ್ದುವುದಕ್ಕಿಂತ, ಮನೆಮಾತು ತೋರಿಸದ ಸಂಬಂಧವನ್ನು ಗುರುತಿಸಲು ಕಲಿಸುವುದು ಲೇಸು.

ಡೆಲ್ಫ್‌ನ ನಾಲ್ಕು ವಿಭಾಗಗಳಿಗೆ ತಲಾ 25 ಅಂಕ. ಉತ್ತೀರ್ಣತೆಗೆ ಒಟ್ಟು 50 ಅಂಕ ಸಾಕಾದರೂ ಯಾವುದೇ ವಿಭಾಗದಲ್ಲಿ 5ಕ್ಕಿಂತ ಕಡಿಮೆ ಬರಬಾರದು. ಹೀಗಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ ಅನಿವಾರ್ಯ. ಆದರೆ ಅಂತಹ ಅಭ್ಯಾಸ ತಪ್ಪನ್ನು ತೋರಿಸೀತೇ ಹೊರತು ಅದರ ಮೂಲವನ್ನಲ್ಲ. ಉಚ್ಚಾರಣೆ ಹಾಗೂ ಗೌರವಸೂಚನೆಗಳನ್ನು ಕನ್ನಡದ ಆಧಾರದಿಂದಲೂ, ಸಂಬಂಧಿ ಉಪವಾಕ್ಯಗಳನ್ನು ಕನ್ನಡದೊಡನೆ ಇರುವ ವ್ಯತ್ಯಾಸದಿಂದಲೂ ಆರಂಭಿಸುವ ಪಠ್ಯಸಾಮಗ್ರಿ ಸಿದ್ಧವಾಗಬೇಕು. ಅದಿಲ್ಲದಿರುವಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಫ್ರೆಂಚಿಗೆ ಮುನ್ನ ಇಂಗ್ಲಿಷಿನ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ.